ಇಂಗ್ಲಿಷ್‌ತನ ಯಾರದು? ಇಂಗ್ಲೆಂಡಿನ ಗಣ್ಯರು ಮತ್ತು ಜನಸಾಮಾನ್ಯರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಇಂಗ್ಲೆಂಡಿನ ಗಿರಣಿ ಊರೊಂದರಲ್ಲಿ ಕೆಲವು ವರ್ಷ ಬದುಕಿ ಬಂದ ಮೇಲೆ ನಾನು ಆ ದೇಶದ ಬಗ್ಗೆ ಬರೆಯುತ್ತಾ, ಮಾತನಾಡುತ್ತಾ ಇದ್ದೇನೆ. ಓದುಗರ ಪತ್ರಗಳಲ್ಲಿ, ಸಭೆ ಮುಗಿದ ಮೇಲಿನ ಮಾತುಕತೆಗಳಲ್ಲಿ, ಬಂಧುಗಳ ಮನೆಯ ಊಟದ ಪಂಕ್ತಿಯಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಲು ಆರಂಭಿಸಬಹುದು.

### ಮೂಲ ಸಂಗತಿಗಳು

ಇಂಗ್ಲೆಂಡ್, ಬ್ರಿಟನ್, ಯು.ಕೆ. ಎಲ್ಲಾ ಒಂದೇ ಅಲ್ವಾ? ನಾವು ಶಾಲೆಯಲ್ಲಿ ಹಾಗೇ ಓದಿದ್ದು.

ಒಂದೇ ಅಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಸೇರಿದರೆ ಗ್ರೇಟ್ ಬ್ರಿಟನ್. ಅದಕ್ಕೆ ಉತ್ತರ ಐರ್ಲೆಂಡ್ ಸೇರಿದರೆ ಯುನೈಟೆಡ್ ಕಿಂಗ್‌ಡಮ್. ವೇಲ್ಸನ್ನು 1536ರ ಕಾಯ್ದೆಯ ಮೂಲಕ ಇಂಗ್ಲೆಂಡಿನ ಆಡಳಿತಕ್ಕೆ ಸೇರಿಸಿಕೊಳ್ಳಲಾಯಿತು. ಸ್ಕಾಟ್ಲೆಂಡಿನ ಸಂಸತ್ತು 1707ರಲ್ಲಿ ಇಂಗ್ಲೆಂಡಿನ ಸಂಸತ್ತಿನೊಡನೆ ಒಂದಾಯಿತು. 1801ರಲ್ಲಿ ಸೇರಿದ ಐರ್ಲೆಂಡಿನ ಬಹುಭಾಗ 1922ರಲ್ಲಿ ಬೇರೆಯಾಯಿತು. ಯು.ಕೆ.ಯ ಪ್ರತಿ 100 ಜನರಲ್ಲಿ ಸುಮಾರು 84 ಮಂದಿ ಇಂಗ್ಲೆಂಡಿನಲ್ಲೇ ಇರುವುದರಿಂದ ಲಂಡನ್ನಿನಲ್ಲಿ ಕುಳಿತವರಿಗೆ ಇಂಗ್ಲೆಂಡ್ ಎಂದರೂ ಬ್ರಿಟನ್ ಎಂದರೂ ಒಂದೇ ಎಂಬ ಭಾವನೆ ಬಹುಕಾಲ ಇತ್ತು, ಮತ್ತು ಅದೇ ರೂಢಿ 'ಇಂಗ್ಲಿಷರು', 'ಆಂಗ್ಲರು', 'ಬ್ರಿಟಿಷರು' ಎಂಬ ಪದಗಳನ್ನು ಅದಲುಬದಲು ಮಾಡಿ ಬಳಸುವ ನಮ್ಮ ಪಠ್ಯಪುಸ್ತಕಗಳಿಗೂ ಇಳಿದು ಬಂದಿದೆ. ಮುಂದಿನ ಉತ್ತರಗಳಲ್ಲಿ 'ಇಂಗ್ಲಿಷ್' ಎಂದರೆ ಇಂಗ್ಲೆಂಡಿಗೆ ಸಂಬಂಧಿಸಿದ್ದು ಎಂದಷ್ಟೇ ಅರ್ಥ.

ಪಾಸ್‌ಪೋರ್ಟಿನಲ್ಲೇ 'ಇಂಗ್ಲಿಷ್' ಅಂತ ಇಲ್ಲ. ಹಾಗಿದ್ದಮೇಲೆ ಅದು ಎಂಥ ರಾಷ್ಟ್ರೀಯತೆ?

ಪಾಸ್‌ಪೋರ್ಟಿನಲ್ಲಿ ಇಲ್ಲ ಎಂಬುದು ನಿಜ. ಇಂಗ್ಲೆಂಡಿಗೆ ಅಧಿಕೃತವಾದ ಸ್ವಂತ ರಾಷ್ಟ್ರಗೀತೆಯೂ ಇಲ್ಲ. ಫುಟ್ಬಾಲ್ ಪಂದ್ಯಕ್ಕೆ ಮುಂಚೆ ಸ್ಕಾಟ್ಲೆಂಡಿನವರು, ವೇಲ್ಸಿನವರು ತಮ್ಮ ಹಾಡನ್ನು ಹಾಡಿದರೆ ಇಂಗ್ಲೆಂಡಿನವರು ಇಡೀ ಯು.ಕೆ.ಗೆ ಸೇರಿದ ರಾಜಗೀತೆಯನ್ನು ಹಾಡುತ್ತಾರೆ. ಏಪ್ರಿಲ್ 23ರ ಸಂತ ಜಾರ್ಜ್ ದಿನಕ್ಕೆ ಇಂಗ್ಲೆಂಡಿನಲ್ಲಿ ಸರ್ಕಾರಿ ರಜೆ ಇಲ್ಲ, ಆದರೆ ಸ್ಕಾಟ್ಲೆಂಡಿಗೂ ಉತ್ತರ ಐರ್ಲೆಂಡಿಗೂ ತಮ್ಮ ತಮ್ಮ ಸಂತರ ದಿನದ ರಜೆ ಇದೆ.

ಇಷ್ಟಾದರೂ ಗುರುತು ಇದೆ. 2011ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 57.7 ಶೇಕಡಾ ಜನ ತಮ್ಮ ರಾಷ್ಟ್ರೀಯ ಗುರುತು 'ಇಂಗ್ಲಿಷ್' ಮಾತ್ರ ಎಂದು ಬರೆಸಿದ್ದರು. 2021ರಲ್ಲಿ ಆ ಪ್ರಮಾಣ 14.9ಕ್ಕೆ ಇಳಿದು, 'ಬ್ರಿಟಿಷ್' ಮಾತ್ರ ಎಂದವರು 54.8 ಶೇಕಡಾ ಆದರು. ಹತ್ತೇ ವರ್ಷದಲ್ಲಿ ಕೋಟ್ಯಂತರ ಜನ ಮನಸ್ಸು ಬದಲಿಸಿಬಿಟ್ಟರು ಎಂದು ಇದನ್ನು ಓದಬಾರದು, ಏಕೆಂದರೆ 2021ರ ನಮೂನೆಯಲ್ಲಿ 'ಬ್ರಿಟಿಷ್' ಎಂಬ ಆಯ್ಕೆಯನ್ನು ಮೊದಲ ಸಾಲಿಗೆ ತಂದಿದ್ದರು. ಬಹಳಷ್ಟು ಜನರಿಗೆ ಇವೆರಡರ ನಡುವಿನ ಗೆರೆ ತೆಳುವಾಗಿದೆ. ಕೆಲವರಿಗೆ ಮಾತ್ರ ಅದು ತುಂಬಾ ಗಟ್ಟಿ. ರಾಜಕೀಯ ಕಾವು ಹುಟ್ಟುತ್ತಿರುವುದು ಈ ಕೆಲವರಲ್ಲಿ.

ಗಣ್ಯರು ಅಂದ್ರೆ ಯಾರು? ರಾಜಮನೆತನದವರು, ಲಾರ್ಡುಗಳು ಮಾತ್ರನಾ?

ಭೂಮಿ, ಬಿರುದು ಇದ್ದವರು ಈಗ ಆ ವರ್ಗದ ಒಂದು ತುಂಡು ಮಾತ್ರ. ಅದನ್ನು ಒಗ್ಗೂಡಿಸಿ ಹಿಡಿದಿರುವುದು ಶಾಲೆ. ಇಂಗ್ಲೆಂಡಿನಲ್ಲಿ 'ಪಬ್ಲಿಕ್ ಸ್ಕೂಲ್' ಎಂದರೆ ಸರ್ಕಾರಿ ಶಾಲೆಯಲ್ಲ, ಭಾರಿ ಶುಲ್ಕದ ಹಳೆಯ ಖಾಸಗಿ ಶಾಲೆ ಎಂಬುದನ್ನು ಮೊದಲು ನೆನಪಿಡಬೇಕು. ಇಡೀ ದೇಶದ ಮಕ್ಕಳಲ್ಲಿ ಖಾಸಗಿ ಶಾಲೆಗೆ ಹೋಗುವವರು ಸುಮಾರು 7 ಶೇಕಡಾ. 2019ರ ಸಮೀಕ್ಷೆಯೊಂದರ ಪ್ರಕಾರ ಹಿರಿಯ ನ್ಯಾಯಾಧೀಶರಲ್ಲಿ ಅಂಥ ಶಾಲೆಗಳಿಂದ ಬಂದವರು 65 ಶೇಕಡಾ. 1440ರಲ್ಲಿ ಸ್ಥಾಪನೆಯಾದ ಈಟನ್ ಎಂಬ ಒಂದೇ ಶಾಲೆ 20 ಪ್ರಧಾನಿಗಳನ್ನು ಕೊಟ್ಟಿದೆ. ಎರಡನೇ ಮಹಾಯುದ್ಧದ ನಂತರದ ಪದವೀಧರ ಪ್ರಧಾನಿಗಳಲ್ಲಿ ಗಾರ್ಡನ್ ಬ್ರೌನ್ ಒಬ್ಬರನ್ನು ಬಿಟ್ಟರೆ ಉಳಿದವರೆಲ್ಲರೂ ಆಕ್ಸ್‌ಫರ್ಡಿನಲ್ಲಿ ಓದಿದವರು.

ಹಣವಿಲ್ಲದ ಮನೆಯಿಂದ ಬಂದು ಈ ವಲಯದೊಳಗೆ ಸೇರಿದವರೂ ಇದ್ದಾರೆ. ಕಿರಾಣಿ ಅಂಗಡಿಯವರ ಮಗಳಾದ ಮಾರ್ಗರೆಟ್ ಥ್ಯಾಚರ್ ಅದಕ್ಕೆ ಉದಾಹರಣೆ. ಆದರೆ ಹಾಗೆ ಸೇರುವಾಗ ಅವರು ತಮ್ಮ ದನಿಯನ್ನೇ ತಿದ್ದಿಕೊಂಡರು ಎಂಬುದನ್ನೂ ಜೊತೆಗೆ ಹೇಳಬೇಕಾಗುತ್ತದೆ.

ಅಲ್ಲಿ ಬಾಯಿ ಬಿಟ್ಟರೆ ಸಾಕು, ವರ್ಗ ಗೊತ್ತಾಗುತ್ತೆ ಅಂತಾರೆ. ನಿಜವೇ?

ಹೆಚ್ಚುಕಡಿಮೆ ನಿಜ. ನಮ್ಮಲ್ಲಿ ಮಾತಿನ ಧಾಟಿಯಿಂದ ಧಾರವಾಡವೋ ಕುಂದಾಪುರವೋ ಎಂದು ಊರು ಗುರುತಿಸುತ್ತೇವೆ. ಅಲ್ಲಿ ಊರಿನ ಜೊತೆಗೆ ಮನೆಯ ಅಂತಸ್ತೂ ಗೊತ್ತಾಗುತ್ತದೆ. ಖಾಸಗಿ ಶಾಲೆಗಳಲ್ಲಿ ಕಲಿಯುವ ಇಂಗ್ಲಿಷಿಗೆ ಊರಿಲ್ಲ. ಕಾರ್ನ್‌ವಾಲಿನ ಜಮೀನ್ದಾರನೂ ಡರ್ಹಮ್ಮಿನ ಜಮೀನ್ದಾರನೂ ಒಂದೇ ತರಹ ಮಾತನಾಡುತ್ತಾರೆ, ಅವರ ಹೊಲದ ಕೆಲಸಗಾರರು ಮಾತ್ರ ಒಬ್ಬರ ಮಾತು ಒಬ್ಬರಿಗೆ ತಿಳಿಯದಷ್ಟು ಬೇರೆ ಬೇರೆ ಧಾಟಿಯವರು. ಬಿಬಿಸಿ ರೇಡಿಯೊ ಆ ಊರಿಲ್ಲದ ಧಾಟಿಯನ್ನೇ ರಾಷ್ಟ್ರದ ದನಿ ಮಾಡಿಕೊಂಡಿತ್ತು. 1941ರಲ್ಲಿ ಯಾರ್ಕ್‌ಷೈರಿನ ವಿಲ್ಫ್ರೆಡ್ ಪಿಕಲ್ಸ್ ವಾರ್ತೆ ಓದಿ, ಉತ್ತರದವರಿಗೆ ತಮ್ಮ ಊರಿನ ಉಚ್ಚಾರಣೆಯಲ್ಲೇ ಶುಭರಾತ್ರಿ ಹೇಳಿದ್ದು ದೇಶದಲ್ಲೆಲ್ಲ ಚರ್ಚೆಯಾಯಿತು.

ಉಚ್ಚಾರಣೆಯಷ್ಟೇ ಪದಗಳೂ ಬೇರೆ. ಲ್ಯಾಂಕಷೈರಿನಲ್ಲಿ ನಾನಿದ್ದ ಬೀದಿಯಲ್ಲಿ ಪಕ್ಕದ ಮನೆಯ ಹಿರಿಯ ಮಹಿಳೆ, ಹತ್ತಿ ಗಿರಣಿಯಲ್ಲಿ ನೇಯ್ಗೆಗೆ ದುಡಿದು ನಿವೃತ್ತರಾದವರು, ಮೊದಲ ವಾರವೇ ನನ್ನನ್ನು ಸಂಜೆ ಐದಕ್ಕೆ 'ಟೀ'ಗೆ ಕರೆದರು. ಹೋದರೆ ಮೇಜಿನ ಮೇಲೆ ಚೀಸು-ಈರುಳ್ಳಿ ತುಂಬಿದ ಬಿಸಿ ಪೈ, ಬೇಯಿಸಿದ ಬಟಾಣಿ, ವಿನೆಗರಿನಲ್ಲಿ ನೆನೆಸಿದ ಕೆಂಪು ಕೋಸು, ಬೆಣ್ಣೆ ಸವರಿದ ಬ್ರೆಡ್ಡು, ಹೆಣೆದ ಉಣ್ಣೆಯ ಟೊಪ್ಪಿಗೆ ಹಾಕಿದ ಟೀ ಪಾತ್ರೆ. ನಾನು ಮಾಂಸ ತಿನ್ನುವುದಿಲ್ಲ ಎಂದು ಬೀದಿಯಲ್ಲಿ ಯಾರನ್ನೋ ವಿಚಾರಿಸಿ ತಿಳಿದುಕೊಂಡಿದ್ದರು. ಉತ್ತರದ ದುಡಿಯುವ ಮನೆಗಳಲ್ಲಿ 'ಟೀ' ಎಂದರೆ ರಾತ್ರಿಯ ಊಟವೇ, 'ಡಿನ್ನರ್' ಎಂದರೆ ಮಧ್ಯಾಹ್ನದ ಊಟ. ಲಂಡನ್ನಿನ ಮೇಲ್ವರ್ಗದವರಿಗೆ ಮಧ್ಯಾಹ್ನದ್ದು 'ಲಂಚ್', ರಾತ್ರಿಯದು 'ಡಿನ್ನರ್' ಇಲ್ಲವೇ 'ಸಪ್ಪರ್'. ನೀವು ಬ್ರಿಟಿಷರೋ ಇಂಗ್ಲಿಷರೋ ಎಂದು ಆಕೆಯನ್ನು ಕೇಳಿದ್ದೆ. ಮೊದಲು ಲ್ಯಾಂಕಷೈರಿನವಳು, ಆಮೇಲೆ ಇಂಗ್ಲಿಷ್, ಬ್ರಿಟಿಷ್ ಎನ್ನುವುದು ಅರ್ಜಿ ತುಂಬುವಾಗಿನ ಮಾತು ಎಂದರು. ಪುಸ್ತಕಗಳಿಂದ ಕಲಿತದ್ದಕ್ಕಿಂತ ಹೆಚ್ಚನ್ನು ಆ ಮೇಜಿನ ಮುಂದೆ ಕಲಿತೆ ಎಂದೇ ನನಗೆ ಇಂದಿಗೂ ಅನ್ನಿಸುತ್ತದೆ.

### ಹಿಂದಿನ ಕತೆ

ಈ ಒಡಕು ಯಾವಾಗಿನಿಂದ ಇದೆ? ಎಲ್ಲದಕ್ಕೂ 1066 ಅಂತ ಯಾಕೆ ಹೇಳ್ತಾರೆ?

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ವಿಲಿಯಂ ಹೇಸ್ಟಿಂಗ್ಸ್ ಯುದ್ಧ ಗೆದ್ದು ಇಂಗ್ಲೆಂಡಿನ ರಾಜನಾದ. ಮುಂದಿನ ಮೂರು ಶತಮಾನ ಆಳುವವರ ಮನೆಮಾತು ಫ್ರೆಂಚ್, ಉಳುವವರದು ಇಂಗ್ಲಿಷ್. ಕೊಟ್ಟಿಗೆಯಲ್ಲಿ ಪ್ರಾಣಿಯನ್ನು ಸಾಕಿದವರ ಮಾತಿನ 'ಕೌ', 'ಶೀಪ್' ಎಂಬ ಹೆಸರುಗಳೂ, ಅದೇ ಪ್ರಾಣಿಯ ಮಾಂಸ ತಿಂದವರ ಫ್ರೆಂಚಿನಿಂದ ಬಂದ 'ಬೀಫ್', 'ಮಟನ್' ಎಂಬ ಹೆಸರುಗಳೂ ಇಂದಿಗೂ ಅಕ್ಕಪಕ್ಕ ಉಳಿದಿವೆ. ನ್ಯಾಯಾಲಯದಲ್ಲಿ ಇಂಗ್ಲಿಷಿನಲ್ಲಿ ವಾದ ಮಾಡಬಹುದು ಎಂಬ ಕಾಯ್ದೆ ಬಂದದ್ದು 1362ರಲ್ಲಿ. ಸ್ವಂತ ನೆಲದ ಕೋರ್ಟಿನಲ್ಲಿ ಸ್ವಂತ ಮಾತು ನಡೆಯದ ಅನುಭವ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾದದ್ದಲ್ಲ. ಇಂಗ್ಲಿಷಿಗೂ ಆ ಗತಿ ಇತ್ತು ಎಂದಾಗ ಬಹಳ ಜನ ಬೆರಗಾಗುತ್ತಾರೆ.

1381ರ ರೈತ ದಂಗೆಯ ಹೊತ್ತಿಗೆ ಪಾದ್ರಿ ಜಾನ್ ಬಾಲ್ ಕೇಳಿದ ಪ್ರಶ್ನೆ ಪ್ರಸಿದ್ಧವಾಗಿದೆ: ಆದಾಮ ಅಗೆಯುತ್ತಾ ಹವ್ವ ನೂಲುತ್ತಾ ಇದ್ದಾಗ ಒಡೆಯ ಎಂಬುವನು ಎಲ್ಲಿದ್ದ? ಮುಂದೆ 1640ರ ದಶಕದ ಅಂತರ್ಯುದ್ಧದಲ್ಲಿ ರಾಜನ ವಿರುದ್ಧ ಹೋರಾಡಿದ ಸಾಮಾನ್ಯ ಸೈನಿಕರಲ್ಲಿ 'ನಾರ್ಮನ್ ನೊಗ' ಎಂಬ ಮಾತು ಹಬ್ಬಿತು. ಇಂಗ್ಲಿಷರು ಮೊದಲು ಸ್ವತಂತ್ರರಾಗಿದ್ದರು, ಈ ಭೂಮಾಲೀಕರೆಲ್ಲ ದಂಡೆತ್ತಿ ಬಂದವರ ವಂಶದವರು ಎಂಬುದು ಅದರ ತಿರುಳು. ಚರಿತ್ರೆಯಾಗಿ ನೋಡಿದರೆ ಇದು ಅರ್ಧ ಸತ್ಯ. 1066ಕ್ಕೆ ಮುಂಚೆಯೂ ಅಲ್ಲಿ ಗುಲಾಮರಿದ್ದರು, ಒಡೆಯರಿದ್ದರು. ಆದರೆ 'ಇಂಗ್ಲಿಷ್' ಎಂದರೆ ಕೆಳಗಿನವರು, ಮೇಲಿನವರು ಹೊರಗಿನವರು ಎಂಬ ಭಾವನೆಗೆ ಇಷ್ಟು ಹಳೆಯ ಬೇರಿದೆ ಎಂಬುದಕ್ಕೆ ಅದು ಸಾಕ್ಷಿ. 1647ರಲ್ಲಿ ಲಂಡನ್ ಬಳಿಯ ಪಟ್ನಿಯ ಚರ್ಚಿನಲ್ಲಿ ಸೇನೆಯ ಚರ್ಚೆ ನಡೆದಾಗ ಕರ್ನಲ್ ಥಾಮಸ್ ರೇನ್ಸ್‌ಬರೋ, ಇಂಗ್ಲೆಂಡಿನ ಅತ್ಯಂತ ಬಡವನಿಗೂ ಅತ್ಯಂತ ದೊಡ್ಡವನಂತೆಯೇ ಬಾಳಲು ಒಂದು ಬಾಳಿದೆ ಎಂದು ವಾದಿಸಿ ಬಡವರಿಗೂ ಮತದಾನದ ಹಕ್ಕು ಕೇಳಿದ. ಎಲ್ಲ ವಯಸ್ಕ ಗಂಡಸರಿಗೂ ಆ ಹಕ್ಕು ಸಿಕ್ಕಿದ್ದು 1918ರಲ್ಲಿ, ಹೆಂಗಸರಿಗೆ ಸಮಾನವಾಗಿ ಸಿಕ್ಕಿದ್ದು 1928ರಲ್ಲಿ.

ಹಸಿರು ಹಳ್ಳಿಗಳೇ ಇಂಗ್ಲೆಂಡಿನ ಆತ್ಮ ಅಂತ ಹಾಡಿ ಹೊಗಳ್ತಾರಲ್ಲ, ಆ ಹಳ್ಳಿಗರೆಲ್ಲ ಎಲ್ಲಿ ಹೋದರು?

ಅವರನ್ನು ಭೂಮಿಯಿಂದ ಬಿಡಿಸಲಾಯಿತು. ನಮ್ಮ ಗೋಮಾಳದಂತೆ ಊರಿನವರೆಲ್ಲ ದನ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ನೆಲಕ್ಕೆ ಸಂಸತ್ತಿನ ಕಾಯ್ದೆಗಳ ಮೂಲಕವೇ ಬೇಲಿ ಬಿತ್ತು. 1604ರಿಂದ 1914ರವರೆಗೆ 5,200ಕ್ಕೂ ಹೆಚ್ಚು ಇಂಥ ಮಸೂದೆಗಳು ಜಾರಿಯಾಗಿ ಸುಮಾರು 68 ಲಕ್ಷ ಎಕರೆ, ಅಂದರೆ ಇಂಗ್ಲೆಂಡಿನ ನೆಲದ ಐದನೇ ಒಂದು ಭಾಗಕ್ಕಿಂತ ಹೆಚ್ಚು, ಖಾಸಗಿಯಾಯಿತು. ಮಸೂದೆಗೆ ಕೈ ಎತ್ತಿದವರು ಬಹುಪಾಲು ಭೂಮಾಲೀಕರೇ. ನೆಲ ಕಳೆದುಕೊಂಡವರು, ನೆಲದಲ್ಲಿ ಕೆಲಸ ಸಿಗದವರು ಗಿರಣಿ ಊರುಗಳಿಗೆ ನಡೆದರು. 1851ರ ಜನಗಣತಿಯ ಹೊತ್ತಿಗೆ ಹಳ್ಳಿಗಿಂತ ಪಟ್ಟಣದಲ್ಲಿರುವವರ ಸಂಖ್ಯೆ ಹೆಚ್ಚಾಗಿತ್ತು. ಹಳ್ಳಿಯನ್ನು ದೇಶದ ಆತ್ಮ ಎಂದು ಕೊಂಡಾಡುವ ಮಾತು ಜೋರಾದದ್ದು ಹಳ್ಳಿ ಖಾಲಿಯಾದ ಮೇಲೆ.

1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಸುತ್ತಲಿನ ಕೆಲಸಗಾರ ಯುವಕ ಯುವತಿಯರು ನೂರಾರು ಸಂಖ್ಯೆಯಲ್ಲಿ, ಶ್ರೀಮಂತರು ಹಕ್ಕಿ ಬೇಟೆಗೆಂದು ಮುಚ್ಚಿಟ್ಟುಕೊಂಡಿದ್ದ ಕಿಂಡರ್ ಸ್ಕೌಟ್ ಬೆಟ್ಟವನ್ನು ಬೇಕೆಂದೇ ಹತ್ತಿದರು. ಐವರು ಜೈಲಿಗೆ ಹೋದರು. ಅವರು ಕೇಳಿದ್ದು ಭಾನುವಾರ ತಮ್ಮ ದೇಶದ ಬೆಟ್ಟದ ಮೇಲೆ ನಡೆಯುವ ಹಕ್ಕನ್ನು. ದೇಶಪ್ರೇಮಕ್ಕೆ ಇದಕ್ಕಿಂತ ಸರಳವಾದ, ನನಗೆ ಇದಕ್ಕಿಂತ ಪ್ರಿಯವಾದ ಉದಾಹರಣೆ ಆ ದೇಶದ ಚರಿತ್ರೆಯಲ್ಲಿ ಇಲ್ಲ.

ನಮ್ಮನ್ನು ಆಳಿದ್ದು ಇದೇ ಇಂಗ್ಲಿಷರು ತಾನೇ? ಅವರ ಬಡವರ ಬಗ್ಗೆ ನಾವ್ಯಾಕೆ ಮರುಗಬೇಕು?

ಈ ಪ್ರಶ್ನೆಯಲ್ಲಿರುವ ಸಿಟ್ಟು ನ್ಯಾಯವಾದದ್ದೇ. ಆದರೂ ಕರ್ನಾಟಕದ ಮಟ್ಟಿಗೆ ನಮ್ಮನ್ನು ಆಳಿದವರ ಊರುಗಳನ್ನು ಒಮ್ಮೆ ನೋಡಬೇಕು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯ ಬಿರುಕಿನಲ್ಲಿ ದಾಳಿ ನಡೆಸಿದ ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು. ಆಮೇಲೆ ಅಲ್ಲಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಐರ್ಲೆಂಡಿನಲ್ಲಿ ಹುಟ್ಟಿ ಈಟನ್ನಿನಲ್ಲಿ ಓದಿದವನು. ಕೆನರಾ ಜಿಲ್ಲೆಯ ಕಂದಾಯವನ್ನು ನಿಗದಿ ಮಾಡಿದ ಥಾಮಸ್ ಮನ್ರೋ ಗ್ಲಾಸ್ಗೋದವನು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಐಲ್ ಆಫ್ ಮ್ಯಾನ್ ದ್ವೀಪದವನು. ನಾವು ಇವರನ್ನೆಲ್ಲ 'ಇಂಗ್ಲಿಷರು' ಎಂದೆವು. ಸಾಮ್ರಾಜ್ಯ ನಾಲ್ಕೂ ನಾಡಿನ ಮೇಲ್ವರ್ಗದವರಿಗೂ ಮಧ್ಯಮ ವರ್ಗದವರಿಗೂ 'ಬ್ರಿಟಿಷ್' ಎಂಬ ಹೊಸ ಅಂಗಿ ತೊಡಿಸಿದ ಉದ್ಯೋಗವಾಗಿತ್ತು.

ಇಂಗ್ಲೆಂಡಿನ ಸಾಮಾನ್ಯನಿಗೆ ಸಾಮ್ರಾಜ್ಯದ ಲಾಭದಲ್ಲಿ ಪಾಲು ಇರಲೇ ಇಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. ಲ್ಯಾಂಕಷೈರಿನ ಗಿರಣಿಗಳ ಅಗ್ಗದ ಬಟ್ಟೆಯಿಂದ ನಮ್ಮ ಮಗ್ಗಗಳು ನಿಂತುಹೋದವು, ಆ ಗಿರಣಿಗಳಲ್ಲಿ ಅವರ ಅನ್ನ ಇತ್ತು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬರುವುದು ನಿಂತಾಗ, 1861ರಿಂದ 1865ರವರೆಗೆ, ಮ್ಯಾಂಚೆಸ್ಟರ್ ವರ್ತಕರು ಧಾರವಾಡ ಸೀಮೆಯ ಹತ್ತಿಗೆ ಕೈಚಾಚಿದರು, ಗಿರಣಿ ಕೆಲಸಗಾರರು ಉಪವಾಸ ಬಿದ್ದರು. ಹಾಗೆ ಹಸಿದಿದ್ದಾಗಲೂ, 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ಕೆಲಸಗಾರರು ಸಭೆ ಸೇರಿ ಗುಲಾಮಗಿರಿಯ ವಿರುದ್ಧ ಲಿಂಕನ್‌ಗೆ ಬೆಂಬಲ ಸೂಚಿಸಿ ಪತ್ರ ಬರೆದರು. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದ ಗಾಂಧೀಜಿ ಹೋಟೆಲಿನಲ್ಲಿ ಇಳಿಯದೆ ಪೂರ್ವ ಲಂಡನ್ನಿನ ಬಡವರ ಬಡಾವಣೆಯ ಕಿಂಗ್ಸ್‌ಲಿ ಹಾಲ್‌ನಲ್ಲಿ ತಂಗಿದ್ದರು. ವಿದೇಶಿ ಬಟ್ಟೆಯ ಬಹಿಷ್ಕಾರದಿಂದ ಕೆಲಸ ಕಳೆದುಕೊಂಡಿದ್ದ ಲ್ಯಾಂಕಷೈರಿನ ಡಾರ್ವೆನ್‌ಗೆ ಹೋದಾಗ ಅಲ್ಲಿನ ಗಿರಣಿ ಹೆಂಗಸರು ಅವರನ್ನು ಸುತ್ತುವರಿದು ಜೈಕಾರ ಹಾಕಿದ ಚಿತ್ರ ಇಂದಿಗೂ ಇದೆ.

ಕ್ರಿಕೆಟ್ಟಿನಲ್ಲೂ ಮೇಲು ಕೀಳು ಇತ್ತಂತೆ, ಹೌದಾ?

ಇತ್ತು, ಅದೂ ನಮ್ಮ ಅಜ್ಜಂದಿರ ಕಾಲದವರೆಗೆ. ಹಣಕ್ಕಾಗಿ ಆಡದ ಶ್ರೀಮಂತ 'ಜೆಂಟಲ್‌ಮನ್', ಸಂಬಳಕ್ಕೆ ಆಡುವವನು 'ಪ್ಲೇಯರ್'. ಇವರಿಬ್ಬರಿಗೆ ಉಡುಪು ಬದಲಿಸುವ ಕೋಣೆ ಬೇರೆ, ಅನೇಕ ಮೈದಾನಗಳಲ್ಲಿ ಒಳಗೆ ಬರುವ ಗೇಟೇ ಬೇರೆ. ಸ್ಕೋರ್‌ಕಾರ್ಡಿನಲ್ಲಿ ಜೆಂಟಲ್‌ಮನ್ನನ ಇನಿಷಿಯಲ್ ಹೆಸರಿಗಿಂತ ಮುಂಚೆ, ಸಂಬಳದವನದು ಹೆಸರಿನ ನಂತರ. ಯುವ ವೃತ್ತಿಪರ ಆಟಗಾರ ಫ್ರೆಡ್ ಟಿಟ್ಮಸ್ ಹೆಸರು ತಪ್ಪಿ ಜೆಂಟಲ್‌ಮನ್ ರೀತಿಯಲ್ಲಿ ಅಚ್ಚಾಗಿದ್ದಾಗ ಲಾರ್ಡ್ಸ್ ಮೈದಾನದ ಧ್ವನಿವರ್ಧಕದಲ್ಲೇ ಅದನ್ನು ತಿದ್ದಿ ಘೋಷಿಸಿದರು. ಇಪ್ಪತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಪೂರ್ಣಾವಧಿ ನಾಯಕನಾದ ಮೊದಲ ವೃತ್ತಿಪರ ಆಟಗಾರ ಲೆನ್ ಹಟನ್. ಅವನ ಮೊದಲ ಪಂದ್ಯ 1952ರಲ್ಲಿ ಲೀಡ್ಸ್‌ನಲ್ಲಿ ಭಾರತದ ವಿರುದ್ಧವೇ. ಎರಡನೇ ಇನಿಂಗ್ಸಿನಲ್ಲಿ ಭಾರತ ಸೊನ್ನೆ ರನ್ನಿಗೆ 4 ವಿಕೆಟ್ ಕಳೆದುಕೊಂಡ ಆ ಪಂದ್ಯದಲ್ಲಿ ಆ ನಾಲ್ಕರಲ್ಲಿ ಮೂರನ್ನು ಕಿತ್ತ ಫ್ರೆಡ್ ಟ್ರೂಮನ್ ಯಾರ್ಕ್‌ಷೈರಿನ ಕಲ್ಲಿದ್ದಲು ಗಣಿ ಕೆಲಸಗಾರನ ಮಗ. ಈ ಭೇದ ರದ್ದಾದದ್ದು 1962ರ ಕೊನೆಗೆ.

ಫುಟ್ಬಾಲ್ ಬೇರೆ ದಾರಿ ಹಿಡಿಯಿತು. 1863ರಲ್ಲಿ ಅದರ ನಿಯಮ ಬರೆದವರು ಬಹುಪಾಲು ಖಾಸಗಿ ಶಾಲೆಗಳಲ್ಲಿ ಓದಿದವರು, ಆದರೆ ಇಪ್ಪತ್ತೇ ವರ್ಷಕ್ಕೆ ಆಟ ಅವರ ಕೈತಪ್ಪಿತು. 1883ರ ಎಫ್.ಎ. ಕಪ್ ಅಂತಿಮ ಪಂದ್ಯದಲ್ಲಿ ಗಿರಣಿ, ಎರಕದ ಕಾರ್ಖಾನೆಗಳ ಕೆಲಸಗಾರರಿದ್ದ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ತಂಡ ಈಟನ್ನಿನ ಹಳೆಯ ವಿದ್ಯಾರ್ಥಿಗಳನ್ನು 2-1ರಿಂದ ಸೋಲಿಸಿತು. ಇಂಗ್ಲೆಂಡಿನ ಜನಸಾಮಾನ್ಯರ ರಾಷ್ಟ್ರಭಾವನೆ ಇಂದು ಫುಟ್ಬಾಲ್ ಮೈದಾನದಲ್ಲಿ ನೆಲೆಸಿರುವುದಕ್ಕೆ ಕಾರಣ ಹುಡುಕುವವರು ಆ ಪಂದ್ಯದಿಂದ ಆರಂಭಿಸಬಹುದು.

### ಈಚಿನ ವರ್ಷಗಳು

ಸ್ವಂತ ದೇಶದ ಬಾವುಟ ಹಾರಿಸೋಕೆ ಅಲ್ಲಿ ಅಷ್ಟೊಂದು ವಿವಾದ ಯಾಕೆ?

1966ರಲ್ಲಿ ಇಂಗ್ಲೆಂಡ್ ಫುಟ್ಬಾಲ್ ವಿಶ್ವಕಪ್ ಗೆದ್ದಾಗ ಪ್ರೇಕ್ಷಕರ ಕೈಯಲ್ಲಿದ್ದದ್ದು ಹೆಚ್ಚಾಗಿ ಬ್ರಿಟನ್ನಿನ ಬಾವುಟ. ಆ ಟೂರ್ನಿಯ ಲಾಂಛನವಾದ ಸಿಂಹದ ಅಂಗಿಯ ಮೇಲೂ ಅದೇ ಇತ್ತು. ಬಿಳಿಯ ಮೇಲೆ ಕೆಂಪು ಶಿಲುಬೆಯ ಸಂತ ಜಾರ್ಜ್ ಬಾವುಟ ಆಗ ಹೆಚ್ಚಾಗಿ ಚರ್ಚುಗಳ ಗೋಪುರದ ಮೇಲೆ ಕಾಣಿಸುತ್ತಿತ್ತು. 1970, 80ರ ದಶಕಗಳಲ್ಲಿ ವರ್ಣದ್ವೇಷದ ಗುಂಪುಗಳು ಬಾವುಟಗಳನ್ನು ಹಿಡಿದು ಮೆರವಣಿಗೆ ಮಾಡಿದ್ದರಿಂದ ಅನೇಕರಿಗೆ ಅವುಗಳನ್ನು ಕಂಡರೆ ಭಯವೂ ಮುಜುಗರವೂ ಆಗತೊಡಗಿತು. 1996ರ ಯೂರೋ ಟೂರ್ನಿಯಲ್ಲಿ ಇಂಗ್ಲೆಂಡ್ ಸ್ಕಾಟ್ಲೆಂಡನ್ನು ಎದುರಿಸಿದಾಗ ಇಬ್ಬರಿಗೂ ಸೇರಿದ ಬಾವುಟ ಹಿಡಿದು ಫಲವಿರಲಿಲ್ಲ. ವೆಂಬ್ಲಿ ಮೈದಾನ ಕೆಂಪು ಶಿಲುಬೆಯಿಂದ ತುಂಬಿತು, ಅಲ್ಲಿಂದಾಚೆಗೆ ಅದು ಮನೆಯ ಕಿಟಕಿ, ಕಾರು, ಪಬ್‌ಗಳಿಗೆ ಬಂದಿತು.

2014ರ ನವೆಂಬರಿನಲ್ಲಿ ರೋಚೆಸ್ಟರ್ ಉಪಚುನಾವಣೆಯ ದಿನ ಲೇಬರ್ ಪಕ್ಷದ ಸಂಸದೆ ಎಮಿಲಿ ಥಾರ್ನ್‌ಬೆರಿ ಒಂದು ಮನೆಯ ಚಿತ್ರವನ್ನು ಟ್ವಿಟರಿನಲ್ಲಿ ಹಾಕಿದರು. ಮನೆಯ ಮುಂದೆ ಮೂರು ಇಂಗ್ಲೆಂಡ್ ಬಾವುಟ, ಅಂಗಳದಲ್ಲಿ ಬಿಳಿಯ ವ್ಯಾನು. ಚಿತ್ರದ ಜೊತೆ ಊರಿನ ಹೆಸರಷ್ಟೇ ಇತ್ತು, ಬೈಗುಳದ ಒಂದು ಪದವೂ ಇರಲಿಲ್ಲ. ಆದರೂ ಅದರ ಹಿಂದಿನ ತಾತ್ಸಾರವನ್ನು ದೇಶ ಓದಿಕೊಂಡಿತು, ಅವರು ಅಂದೇ ತಮ್ಮ ಪಕ್ಷದ ಹುದ್ದೆಗೆ ರಾಜೀನಾಮೆ ಕೊಟ್ಟರು. ಬಿಳಿ ವ್ಯಾನು ಎಂದರೆ ಅಲ್ಲಿ ನಲ್ಲಿ ರಿಪೇರಿಯವನು, ಬಣ್ಣ ಬಳಿಯುವವನು, ಇಟ್ಟಿಗೆ ಕಟ್ಟುವವನು ಎಂದು ತಿಳಿದರೆ ಆ ಚಿತ್ರ ಯಾಕೆ ಚುಚ್ಚಿತು ಎಂಬುದು ಗೊತ್ತಾಗುತ್ತದೆ.

2025ರ ಬೇಸಿಗೆಯಲ್ಲಿ ಬರ್ಮಿಂಗ್‌ಹ್ಯಾಮ್ ಮೊದಲಾದ ಕಡೆ ದೀಪದ ಕಂಬಗಳಿಗೆ ಬಾವುಟ ಕಟ್ಟುವ, ರಸ್ತೆಯ ವೃತ್ತಗಳಿಗೆ ಕೆಂಪು ಶಿಲುಬೆ ಬಳಿಯುವ ಅಲೆ ಎದ್ದಿತು. ಕಟ್ಟಿದವರಲ್ಲಿ ಊರಿನ ಅಭಿಮಾನದಿಂದ ಕಟ್ಟಿದವರೂ ಇದ್ದರು, ವಲಸೆ ಬಂದ ನೆರೆಯವರಿಗೆ ಹೆದರಿಕೆ ಹುಟ್ಟಲಿ ಎಂದು ಕಟ್ಟಿದವರೂ ಇದ್ದರು. ಇವರನ್ನು ಬೇರೆ ಮಾಡದೆ ಒಂದೇ ಕಟ್ಟಾಗಿ ಕಟ್ಟಿ ಮಾತನಾಡುವುದರಿಂದಲೇ ಈ ಚರ್ಚೆ ಪ್ರತಿ ಸಲ ಕೆಟ್ಟುಹೋಗುತ್ತಿದೆ.

ಬ್ರೆಕ್ಸಿಟ್ ಅಂದ್ರೆ ಜನಸಾಮಾನ್ಯರು ಗಣ್ಯರ ವಿರುದ್ಧ ಹಾಕಿದ ಓಟು ಅಂತಾರೆ. ಒಪ್ಪುತ್ತೀರಾ?

ಅರ್ಧ ಒಪ್ಪುತ್ತೇನೆ. 2016ರ ಜೂನ್ 23ರ ಜನಮತಗಣನೆಯಲ್ಲಿ ಐರೋಪ್ಯ ಒಕ್ಕೂಟ ಬಿಡಬೇಕು ಎಂದವರು ಇಡೀ ಯು.ಕೆ.ಯಲ್ಲಿ 51.9 ಶೇಕಡಾ, ಇಂಗ್ಲೆಂಡಿನಲ್ಲಿ 53.4. ಸ್ಕಾಟ್ಲೆಂಡಿನಲ್ಲಿ 62 ಶೇಕಡಾ ಜನ ಉಳಿಯಬೇಕು ಎಂದರು. ಲಂಡನ್ ಕೂಡ ಹೆಚ್ಚುಕಡಿಮೆ 60 ಶೇಕಡಾ ಉಳಿಯುವ ಪರ. ಲಿಂಕನ್‌ಷೈರಿನ ತರಕಾರಿ ಹೊಲಗಳ ನಡುವಿನ ಬಾಸ್ಟನ್ ಎಂಬ ಸಣ್ಣ ಊರು 75.6 ಶೇಕಡಾ ಬಿಡುವ ಪರ. ತಮ್ಮನ್ನು ಬ್ರಿಟಿಷ್ ಎನ್ನುವುದಕ್ಕಿಂತ ಇಂಗ್ಲಿಷ್ ಎಂದುಕೊಳ್ಳುವವರು ಬಿಡುವ ಕಡೆ ವಾಲಿದ್ದರು. ಸಂಸದರಲ್ಲಿ ಬಹುಸಂಖ್ಯಾತರು, ದೊಡ್ಡ ಉದ್ಯಮಗಳು, ವಿಶ್ವವಿದ್ಯಾಲಯಗಳು ಉಳಿಯುವ ಪರವಾಗಿದ್ದವು. ಗಣಿ, ಉಕ್ಕು, ಮೀನುಗಾರಿಕೆ ಒಂದೊಂದಾಗಿ ನಿಂತುಹೋದ ಊರುಗಳ ಮಾತು ಮೂವತ್ತು ವರ್ಷ ಯಾರ ಕಿವಿಗೂ ಬಿದ್ದಿರಲಿಲ್ಲ. ಇಂಗ್ಲೆಂಡಿನ ಕೊನೆಯ ಆಳದ ಕಲ್ಲಿದ್ದಲು ಗಣಿಯಾದ ಕೆಲಿಂಗ್ಲಿ ಮುಚ್ಚಿದ್ದು ಆ ಮತದಾನಕ್ಕೆ ಆರೇ ತಿಂಗಳ ಮುಂಚೆ, 2015ರ ಡಿಸೆಂಬರಿನಲ್ಲಿ.

ಇನ್ನರ್ಧ ಕತೆ ಹೀಗಿದೆ. ಕೆಂಟ್, ಎಸೆಕ್ಸ್, ಹ್ಯಾಂಪ್‌ಷೈರಿನ ಉಳ್ಳವರ ಬಂಗಲೆಗಳಿಂದಲೂ ಬಿಡುವ ಪರ ಮತಗಳು ರಾಶಿಯಾಗಿ ಬಂದವು, ದುಡಿಯುವವರ ಊರಾದ ಲಿವರ್‌ಪೂಲ್ ಉಳಿಯಬೇಕು ಎಂದಿತು. ಲಂಡನ್ನಿನ ಬಸ್ ಚಾಲಕರು, ಆಸ್ಪತ್ರೆಯ ಆಯಾಗಳು, ಕಚೇರಿ ಗುಡಿಸುವವರನ್ನು 'ಗಣ್ಯರು' ಎಂದು ಕರೆದರೆ ಪದಕ್ಕೆ ಅರ್ಥವೇ ಉಳಿಯುವುದಿಲ್ಲ. ವರ್ಗದಷ್ಟೇ ವಯಸ್ಸು, ಪದವಿ, ಊರು ಆ ಮತವನ್ನು ನಿರ್ಧರಿಸಿದವು.

ನಿಮ್ಮ ಪ್ರತಿ ಭಾಷಣದಲ್ಲೂ ಹಿಲ್ಸ್‌ಬರೋ ಬರುತ್ತೆ. ಒಂದು ಫುಟ್ಬಾಲ್ ದುರಂತಕ್ಕೂ ಈ ವಿಷಯಕ್ಕೂ ಏನು ಸಂಬಂಧ?

ಮೇಲಿನವರ ಮಾತನ್ನು ಕೆಳಗಿನವರು ಯಾಕೆ ನಂಬುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದಲ್ಲಿ ಪೊಲೀಸರು ಗೇಟು ತೆರೆದು ಜನರನ್ನು ಮೊದಲೇ ತುಂಬಿದ್ದ ಕಟಕಟೆಯೊಳಗೆ ಬಿಟ್ಟಿದ್ದರಿಂದ ಕಾಲ್ತುಳಿತಕ್ಕೆ, ಉಸಿರುಗಟ್ಟುವಿಕೆಗೆ ಸಿಕ್ಕಿ ಲಿವರ್‌ಪೂಲ್ ತಂಡದ 97 ಅಭಿಮಾನಿಗಳು ಸತ್ತರು. ಅವರಲ್ಲಿ ಕೊನೆಯವರು ಗಾಯದಿಂದ ನರಳಿ 2021ರಲ್ಲಿ ತೀರಿಕೊಂಡರು. ಸತ್ತವರೇ ಕುಡಿದು ನುಗ್ಗಿದರು ಎಂದು ಪೊಲೀಸರು ಹೇಳಿದರು, ಪತ್ರಿಕೆ ಅಚ್ಚು ಹಾಕಿತು, ಅಧಿಕಾರಸ್ಥರು ನಂಬಿದರು. 2012ರಲ್ಲಿ ಸ್ವತಂತ್ರ ಸಮಿತಿಯ ವರದಿ ಬಂದಾಗ ಪೊಲೀಸರ 164 ಹೇಳಿಕೆಗಳನ್ನು ತಿದ್ದಲಾಗಿತ್ತು ಎಂಬುದು ಬಯಲಾಯಿತು. ಇವು ಕಾನೂನುಬಾಹಿರ ಸಾವುಗಳು, ಅಭಿಮಾನಿಗಳದ್ದು ತಪ್ಪಿಲ್ಲ ಎಂದು ಜ್ಯೂರಿ ಹೇಳಿದ್ದು 2016ರಲ್ಲಿ. ತಾಯಂದಿರು 27 ವರ್ಷ ಕಾದರು. ಲಿವರ್‌ಪೂಲಿನಲ್ಲಿ ಇಂದಿಗೂ ಬಹಳ ಜನ ತಾವು ಇಂಗ್ಲಿಷರಲ್ಲ, 'ಸ್ಕೌಸರ್'ಗಳು, ಅಂದರೆ ಲಿವರ್‌ಪೂಲಿನವರು, ಎನ್ನುತ್ತಾರೆ. ಆ ಮಾತಿಗೆ ಐರಿಷ್ ಮೂಲದ ಜನ, ಬಂದರಿನ ಬದುಕು ಮುಂತಾದ ಬೇರೆ ಕಾರಣಗಳೂ ಇವೆ, ಆದರೆ ಅದು ಗಟ್ಟಿಯಾದದ್ದು ಆ 27 ವರ್ಷಗಳಲ್ಲಿ.

### ಇನ್ನೂ ಆಳಕ್ಕೆ

ಸ್ಕಾಟ್ಲೆಂಡಿಗೆ ಸಂಸತ್ತು ಕೊಟ್ಟರು, ಇಂಗ್ಲೆಂಡಿಗೆ ಯಾಕೆ ಕೊಡಲಿಲ್ಲ?

1997ರ ಜನಮತಗಣನೆಗಳ ನಂತರ 1999ರಲ್ಲಿ ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗೆ ಸ್ವಂತ ಶಾಸನಸಭೆ ಬಂದವು, ಇಂಗ್ಲೆಂಡಿನ ವಿಷಯಗಳನ್ನು ಯು.ಕೆ. ಸಂಸತ್ತೇ ನೋಡಿಕೊಳ್ಳುವುದು ಮುಂದುವರಿಯಿತು. ಇದರಿಂದಾಗುವ ತೊಡಕನ್ನು ಸಂಸದ ಟ್ಯಾಮ್ ಡಾಲ್ಯೆಲ್ 1977ರಲ್ಲೇ ಎತ್ತಿದ್ದರು: ಸ್ಕಾಟ್ಲೆಂಡಿನ ಶಾಲೆಗಳ ಬಗ್ಗೆ ಇಂಗ್ಲೆಂಡಿನ ಸಂಸದರು ಮತ ಹಾಕುವಂತಿಲ್ಲ ಎಂದಾದರೆ ಇಂಗ್ಲೆಂಡಿನ ಶಾಲೆಗಳ ಬಗ್ಗೆ ಸ್ಕಾಟ್ಲೆಂಡಿನವರು ಹೇಗೆ ಹಾಕುತ್ತಾರೆ? 2004ರ ಜನವರಿಯಲ್ಲಿ ಇಂಗ್ಲೆಂಡಿನ ವಿದ್ಯಾರ್ಥಿಗಳ ಶುಲ್ಕ ಏರಿಸುವ ಮಸೂದೆ ಕೇವಲ 5 ಮತಗಳಿಂದ ಪಾರಾದದ್ದು ಸ್ಕಾಟ್ಲೆಂಡಿನ ಸಂಸದರ ಬೆಂಬಲದಿಂದ. ಇಂಗ್ಲೆಂಡಿನ ಸಂಸದರಿಗೆ ವಿಶೇಷ ಮತ ಕೊಡುವ ನಿಯಮ 2015ರಲ್ಲಿ ಬಂದು 2021ರಲ್ಲಿ ರದ್ದಾಯಿತು.

ಇಲ್ಲಿ ಜನರೂ ಒಂದು ಮಾತು ಹೇಳಿದ್ದಾರೆ. 2004ರ ನವೆಂಬರಿನಲ್ಲಿ ಈಶಾನ್ಯ ಇಂಗ್ಲೆಂಡಿಗೆ ಪ್ರಾದೇಶಿಕ ಸಭೆ ಬೇಕೇ ಎಂದು ಕೇಳಿದಾಗ 78 ಶೇಕಡಾ ಮತದಾರರು ಬೇಡ ಎಂದರು. ಹೆಚ್ಚು ಅಧಿಕಾರವಿಲ್ಲದ, ಇನ್ನಷ್ಟು ರಾಜಕಾರಣಿಗಳನ್ನು ಸಾಕುವ ಸಭೆ ಎಂದೇ ಅವರು ಅದನ್ನು ಕಂಡರು. ಇಂಗ್ಲೆಂಡಿನ ಗುರುತಿಗೆ ತನ್ನದೇ ಆದ ಮನೆ ಬೇಕು, ಆದರೆ ಅದು ಲಂಡನ್ನಿನಲ್ಲಿ ಕಟ್ಟುವ ಇನ್ನೊಂದು ಸಂಸತ್ತಾದರೆ ಡರ್ಹಮ್ಮಿಗೂ ಕಾರ್ನ್‌ವಾಲಿಗೂ ದೂರ ಒಂದು ಮೈಲಿಯೂ ಕಡಿಮೆಯಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ಮೊಮ್ಮಕ್ಕಳು ಅಲ್ಲೇ ಹುಟ್ಟಿ ಬೆಳೆದಿದ್ದಾರೆ. ಅವರು ಬ್ರಿಟಿಷರಂತೆ, ಇಂಗ್ಲಿಷರಲ್ಲವಂತೆ. ಇದು ಸರಿಯಾ?

ವಲಸೆ ಬಂದ ಕುಟುಂಬಗಳಿಗೆ 'ಬ್ರಿಟಿಷ್' ಎಂಬುದು ಸುಲಭವಾಗಿ ದಕ್ಕಿತು, ಏಕೆಂದರೆ ಅದು ಪೌರತ್ವದ ಪದ. 'ಇಂಗ್ಲಿಷ್' ಎಂಬುದನ್ನು ಕೆಲವರು ರಕ್ತದ ಪದವೆಂದೇ ಇಟ್ಟುಕೊಂಡಿದ್ದಾರೆ. 2025ರಲ್ಲಿ ಈ ವಾದ ರಿಷಿ ಸುನಕ್ ಅವರ ಸುತ್ತಲೇ ನಡೆಯಿತು. ಸೌತಾಂಪ್ಟನ್ನಿನಲ್ಲಿ ಹುಟ್ಟಿ, 1382ರ ವಿಂಚೆಸ್ಟರ್ ಶಾಲೆಯಲ್ಲಿ ಓದಿ, ಆಕ್ಸ್‌ಫರ್ಡಿಗೆ ಹೋಗಿ, ಪ್ರಧಾನಿಯಾದವರನ್ನೇ ಇಂಗ್ಲಿಷರೋ ಅಲ್ಲವೋ ಎಂದು ಪ್ರಶ್ನಿಸಲಾಯಿತು. ಅವರ ಪತ್ನಿ ಅಕ್ಷತಾ ಹುಬ್ಬಳ್ಳಿಯಲ್ಲಿ ಹುಟ್ಟಿದವರಾದ್ದರಿಂದ ನಮ್ಮಲ್ಲೂ ಈ ಸುದ್ದಿಗೆ ಕಿವಿಗೊಟ್ಟವರು ಹೆಚ್ಚು. ಗಣ್ಯವರ್ಗದ ಎಲ್ಲ ಬಾಗಿಲುಗಳೂ ತೆರೆದುಕೊಂಡವನಿಗೂ ಈ ಒಂದು ಬಾಗಿಲು ತೆರೆಯದಿರಬಹುದು ಎಂಬುದು ಆ ಘಟನೆಯಲ್ಲಿ ಕಂಡಿತು.

ಆದರೆ ಬಾಗಿಲು ಮುಚ್ಚುವವರಿಗೆ ಇಡೀ ಜನಸಾಮಾನ್ಯರ ಪರವಾಗಿ ಮಾತನಾಡುವ ಹಕ್ಕಿಲ್ಲ. 2021ರ ಯೂರೋ ಅಂತಿಮ ಪಂದ್ಯದಲ್ಲಿ ಪೆನಾಲ್ಟಿಯಲ್ಲಿ ಗೋಲು ಹೊಡೆಯಲಾಗದ ಇಂಗ್ಲೆಂಡಿನ ಮೂವರು ಕಪ್ಪು ಆಟಗಾರರ ಮೇಲೆ ಬೈಗುಳದ ಸುರಿಮಳೆಯಾಯಿತು, ಮ್ಯಾಂಚೆಸ್ಟರಿನ ವಿಥಿಂಗ್ಟನ್ನಿನ ಗೋಡೆಯ ಮೇಲಿದ್ದ ಮಾರ್ಕಸ್ ರ್‍ಯಾಶ್‌ಫರ್ಡ್ ಚಿತ್ರಕ್ಕೆ ಯಾರೋ ಮಸಿ ಬಳಿದರು. ಒಂದೇ ದಿನದಲ್ಲಿ ಆ ಗೋಡೆ ತುಂಬಾ ಅಕ್ಕಪಕ್ಕದ ಜನ ಬಂದು ಅಂಟಿಸಿದ ಕಾಗದದ ಹೃದಯಗಳು, ಮಕ್ಕಳ ಕೈಬರಹದ ಚೀಟಿಗಳು, ಇಂಗ್ಲೆಂಡ್ ಬಾವುಟಗಳು ಮೆತ್ತಿಕೊಂಡವು. ನಿಮ್ಮ ಮೊಮ್ಮಕ್ಕಳು ತಮ್ಮನ್ನು ಇಂಗ್ಲಿಷರು ಎಂದುಕೊಂಡರೆ ಆ ಚೀಟಿ ಬರೆದ ಮಕ್ಕಳು ಅವರ ಜೊತೆಗಿದ್ದಾರೆ.

ಇಂಗ್ಲೆಂಡಿನ ಬುದ್ಧಿಜೀವಿಗಳು ಸ್ವಂತ ದೇಶದ ಬಗ್ಗೆ ನಾಚಿಕೆ ಪಡ್ತಾರೆ ಅನ್ನೋ ಆರೋಪ ನಿಜವೇ?

ಈ ಆರೋಪಕ್ಕೆ ಪ್ರಸಿದ್ಧ ರೂಪ ಕೊಟ್ಟದ್ದು ಎಡಪಂಥೀಯರೇ ಆದ ಜಾರ್ಜ್ ಆರ್ವೆಲ್, 1941ರ ಬಾಂಬ್ ದಾಳಿಯ ದಿನಗಳಲ್ಲಿ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿ, ಈಟನ್ನಿನಲ್ಲಿ ಓದಿ, ಆಮೇಲೆ ಗಣಿ ಕೆಲಸಗಾರರ ನಡುವೆ ಇದ್ದು ಬರೆದ ಅವರಿಗೆ ಎರಡೂ ಬದಿ ಗೊತ್ತಿತ್ತು. ಅವರ ದೂರಿನಲ್ಲಿ ಇಂದಿಗೂ ಹುರುಳಿದೆ: ಸ್ಕಾಟಿಷ್, ಐರಿಷ್, ಭಾರತೀಯ ದೇಶಾಭಿಮಾನವನ್ನು ಮೆಚ್ಚುವ ಓದಿದವರು ಇಂಗ್ಲಿಷ್ ಅಭಿಮಾನ ಕಂಡಾಗ ಮುಖ ತಿರುಗಿಸುವುದನ್ನು ನಾನೇ ಅನೇಕ ಸಲ ನೋಡಿದ್ದೇನೆ. ಅದಕ್ಕೆ ಒಂದು ಒಳ್ಳೆಯ ಕಾರಣವೂ ಇದೆ. ಸಾಮ್ರಾಜ್ಯ ಮಾಡಿದ ಅನ್ಯಾಯಗಳನ್ನು ಓದಿ ತಿಳಿದವನಿಗೆ ಎದೆಯುಬ್ಬಿಸಿ ನಿಲ್ಲಲು ಕಷ್ಟ, ಮತ್ತು ಆ ಹಿಂಜರಿಕೆಯನ್ನು ಭಾರತೀಯನಾದ ನಾನು ತಪ್ಪೆನ್ನಲಾರೆ. ತಪ್ಪಾಗುವುದು, ಸಾಮ್ರಾಜ್ಯ ಕಟ್ಟಿದ ವರ್ಗದ ಮೊಮ್ಮಕ್ಕಳು ಆ ನಾಚಿಕೆಯ ಹೊರೆಯನ್ನು ಗಿರಣಿ ಕೆಲಸಗಾರನ ಮೊಮ್ಮಗನ ತಲೆಗೆ ಹೊರಿಸಿ, ಅವನ ಬಾವುಟವನ್ನೇ ಅಪರಾಧವೆಂದು ಕಂಡಾಗ.

ಜನರ ಪರ ಅಂತ ಕೂಗೋ ನಾಯಕರೂ ಅವೇ ಶಾಲೆಗಳಿಂದ ಬಂದವರಲ್ವಾ?

ಹೌದು. ಬ್ರೆಕ್ಸಿಟ್ ಪ್ರಚಾರದ ಮುಂದಾಳು ಬೋರಿಸ್ ಜಾನ್ಸನ್ ಈಟನ್ ಮತ್ತು ಆಕ್ಸ್‌ಫರ್ಡ್. ನೈಜೆಲ್ ಫರಾಜ್ ಖಾಸಗಿ ಶಾಲೆಯಾದ ಡಲ್ವಿಚ್ ಕಾಲೇಜಿನಲ್ಲಿ ಓದಿ ಲಂಡನ್ನಿನ ಲೋಹದ ಸಗಟು ವಹಿವಾಟಿನಲ್ಲಿ ದುಡಿದವರು. 2024ರ ಚುನಾವಣೆಯಲ್ಲಿ ಫರಾಜ್ ಅವರ ರಿಫಾರ್ಮ್ ಪಕ್ಷ ಗೆದ್ದ ಐದೂ ಕ್ಷೇತ್ರಗಳು ಇಂಗ್ಲೆಂಡಿನಲ್ಲಿದ್ದವು. ದೇಶದ ಒಟ್ಟು ಮತದಲ್ಲಿ 14.3 ಶೇಕಡಾ ಬಂದರೂ 650ರಲ್ಲಿ ಸಿಕ್ಕಿದ್ದು ಆ ಐದೇ ಸ್ಥಾನ. ನಾಯಕ ಯಾವ ಶಾಲೆಯವನು ಎಂಬುದನ್ನು ಮತದಾರರು ಅರಿಯದವರಲ್ಲ. ತಮ್ಮ ಮಾತನ್ನು ಎತ್ತಿ ಆಡುವ, ತಮ್ಮಂತೆಯೇ ಬದುಕಿದ ಮನುಷ್ಯ ಸಂಸತ್ತಿಗೆ ಹೋಗುವ ದಾರಿಗಳಾಗಿದ್ದ ಕಾರ್ಮಿಕ ಸಂಘ, ಗಣಿಗಾರರ ಭವನ, ಸಂಜೆ ತರಗತಿಗಳು ಕ್ಷೀಣಿಸಿದ ಮೇಲೆ, ಸಿಕ್ಕವರಲ್ಲಿ ಆರಿಸಬೇಕಾಗಿ ಬಂದಿದೆ. ಗಣಿಯಲ್ಲಿ ದುಡಿದು ಬಂದು 1970ರಿಂದ 2019ರವರೆಗೆ ಬೋಲ್ಸೋವರ್ ಕ್ಷೇತ್ರದ ಸಂಸದರಾಗಿದ್ದ ಡೆನ್ನಿಸ್ ಸ್ಕಿನ್ನರ್ ಅಂಥವರು ಈಗ ವಿರಳ.

ಪ್ರವಾಸಿಗರು ನೋಡದ ಆ ಇಂಗ್ಲೆಂಡನ್ನು ಕಣ್ಣಾರೆ ನೋಡಬೇಕಾದರೆ ಎಲ್ಲಿಗೆ ಹೋಗಬೇಕು?

ಜುಲೈ ತಿಂಗಳ ಎರಡನೇ ಶನಿವಾರ ಡರ್ಹಮ್ಮಿಗೆ ಹೋಗಿ. 1871ರಿಂದ ಅಲ್ಲಿ ಗಣಿಗಾರರ ಜಾತ್ರೆ ನಡೆಯುತ್ತಿದೆ, ಆ ಸೀಮೆಯ ಗಣಿಗಳೆಲ್ಲ 1990ರ ದಶಕದಲ್ಲೇ ಮುಚ್ಚಿದರೂ ನಿಂತಿಲ್ಲ. ಬೆಳಿಗ್ಗೆಯಿಂದಲೇ ಒಂದೊಂದು ಗಣಿ ಹಳ್ಳಿಯ ಜನ ತಮ್ಮ ಊರಿನ ದೊಡ್ಡ ರೇಷ್ಮೆ ಪತಾಕೆಯನ್ನು ಎರಡು ಕೋಲುಗಳ ನಡುವೆ ಎತ್ತಿ ಹಿಡಿದು, ಊರಿನ ಹಿತ್ತಾಳೆ ವಾದ್ಯದವರನ್ನು ಮುಂದೆ ಬಿಟ್ಟುಕೊಂಡು ಕಿರಿದಾದ ಬೀದಿಗಳಲ್ಲಿ ಇಳಿದು ಬರುತ್ತಾರೆ. ಗಾಳಿ ಬೀಸಿದರೆ ಪತಾಕೆಯನ್ನು ಹಗ್ಗ ಹಿಡಿದು ಎಳೆದುಕೊಂಡೇ ನಡೆಯಬೇಕು. ಮಧ್ಯಾಹ್ನ ಕೆಲವು ಪತಾಕೆಗಳು ನಾರ್ಮನ್ನರು ಕಟ್ಟಿದ ಆ ಭಾರಿ ಕೆಥೆಡ್ರಲಿನೊಳಗೆ ಆಶೀರ್ವಾದಕ್ಕೆ ಹೋಗುತ್ತವೆ. ಗಣಿಯಲ್ಲಿ ಸಾವಾದ ವರ್ಷ ಆ ಊರಿನ ಪತಾಕೆಗೆ ಕಪ್ಪು ಬಟ್ಟೆ ಹೊದಿಸುವ ಪದ್ಧತಿ ಇತ್ತು. ಹಳೆಯ ಪತಾಕೆಗಳು ಜೀರ್ಣವಾದಾಗ, ಗಣಿಯನ್ನೇ ಕಾಣದ ಮಕ್ಕಳಿರುವ ಹಳ್ಳಿಗಳು ಚಂದಾ ಎತ್ತಿ ಹೊಸದನ್ನು ಹೊಲಿಸುತ್ತಿವೆ.